ಅತ್ತೆಯ ಮನೆಯ ಕುದುರಿ ಅಜ್ಜಾರು

ಮೂಡಲಗಿಯ ನಮ್ಮ ಸೋದರತ್ತೆಯ ಮನೆಯಲ್ಲಿ ಇಡಿಯಾಗಿ ಉಳಿದಿರುವುದು ಒಂದೇ: ಗೋಡೆಯ ಪಟದೊಳಗಿನ ಕುದುರೆ! ಉಳಿದದ್ದೆಲ್ಲ ಅರ್ಧ. ಸುಮ್ಮನೆ ಹೇಳುತ್ತಿಲ್ಲ, ದಿನಚರಿಯಲ್ಲಿ ಲೆಕ್ಕವಿದೆ. ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿದ್ದ ಹದಿನೆಂಟು ದಿನಗಳಲ್ಲಿ ಅತ್ತೆ ಅರ್ಧ ಮಾಡಿ ಹಂಚಿದ್ದು: ಸೋಪು ನಾಲ್ಕು, ಕಲ್ಲಂಗಡಿ ಏಳು, ಚಾದರ ಎರಡು, ಮಾಮಾನ ಹೊಸ ಟವೆಲ್ ಒಂದು. ಟವೆಲ್ ಅರ್ಧವಾದಾಗ ಮಾಮಾ ಬಚ್ಚಲಲ್ಲಿದ್ದರು ಎಂಬುದನ್ನೂ ಬರೆದಿಟ್ಟಿದ್ದೇನೆ!

ಈ ಲೆಕ್ಕ ಬರೀ ತಮಾಷೆಗಲ್ಲ. ಅತ್ತೆಯ ಪೆಟ್ಟಿಗೆಯಲ್ಲಿ ನನ್ನದೊಂದು ಕೌದಿಯಿತ್ತು. ನಮ್ಮವ್ವನ ಸೀರೆಗಳಿಂದ ಅತ್ತೆಯೇ ಹೊಲಿದದ್ದು. ಅವ್ವ ತೀರಿಕೊಂಡಾಗ ನನಗೆ ಎರಡು ವರ್ಷ, ಮುಖವೂ ನೆನಪಿಲ್ಲ. ಅವಳದೆಂದು ಉಳಿದದ್ದು ಆ ಕೌದಿ ಮಾತ್ರ. ನಾನು ದೊಡ್ಡವಳಾಗಿ ಮನೆ ಬಿಟ್ಟು ಹೊರಟಾಗ ಕೊಡುತ್ತೇನೆ ಎಂದಿದ್ದಳು ಅತ್ತೆ. ಅಲ್ಲಿಯವರೆಗೆ ಅದು ಇಡಿಯಾಗಿ ಉಳಿದೀತೇ?

ಎಲ್ಲಕ್ಕೂ ಕಾರಣ ಆ ಕುದುರೆಯ ಮೇಲೆ ಕೂತವರು. ಅವರು ಸಂತ ಮಾರ್ಟಿನ್, ಕ್ಯಾಥೋಲಿಕರ ದೊಡ್ಡ ಸಂತರು. ಅತ್ತೆಯ ಬಾಯಲ್ಲಿ 'ಕುದುರಿ ಅಜ್ಜಾರು'. ನಾನು ಹುಟ್ಟುವ ಮೊದಲು ಘಟಪ್ರಭೆಯ ಆಸ್ಪತ್ರೆಯಲ್ಲಿ ಅತ್ತೆಗೆ ಆಪರೇಶನ್ ಆದಾಗ, ಪಕ್ಕದ ಮಂಚದಲ್ಲಿದ್ದ ಕನ್ಯಾಸ್ತ್ರೀಯೊಬ್ಬರು ಕಥೆ ಹೇಳಿ ಪಟ ಕೊಟ್ಟಿದ್ದರು. ಸುಮಾರು ಸಾವಿರದ ಏಳುನೂರು ವರ್ಷಗಳ ಹಿಂದೆ ಮಾರ್ಟಿನ್ ಸೈನಿಕರಾಗಿದ್ದರು. ಕೊರೆಯುವ ಚಳಿಯಲ್ಲಿ ಊರ ಬಾಗಿಲಲ್ಲಿ ಬರಿಮೈಯ ಭಿಕ್ಷುಕನನ್ನು ಕಂಡು, ಕತ್ತಿ ಹಿರಿದು ತಮ್ಮ ನಿಲುವಂಗಿಯನ್ನೇ ಸೀಳಿ ಅರ್ಧ ಕೊಟ್ಟರು. ಅಂದು ಕನಸಿನಲ್ಲಿ ಆ ಅರ್ಧವನ್ನು ಹೊದ್ದು ನಿಂತವರು ಯೇಸು! ಮುಂದೆ ಸೈನ್ಯ ಬಿಟ್ಟು ಬಡವರ ಸೇವೆಗೆ ನಿಂತರು. ಬಿಷಪ್ ಮಾಡಲು ಜನ ಹುಡುಕಿ ಬಂದಾಗ ಹೆಬ್ಬಾತುಗಳ ನಡುವೆ ಅಡಗಿದರಂತೆ. ಅವು ಕಿರುಚಿ ಹಿಡಿದುಕೊಟ್ಟವಂತೆ. ಇಂದಿಗೂ ಎಷ್ಟೋ ದೇಶಗಳಲ್ಲಿ ಅವರ ಹಬ್ಬಕ್ಕೆ ಮಕ್ಕಳು ಲಾಂದ್ರ ಹಿಡಿದು ಮೆರವಣಿಗೆ ಹೋಗುತ್ತಾರೆ.

"ಇವರೂ ನಮ್ಮ ಶರಣರ ಬಿಡ್ರಿ, ಊರ ಅಷ್ಟ ಬ್ಯಾರೆ" ಎಂದು ಅತ್ತೆ ಪಟ ತಂದು, ಸಂತರ ಹಣೆಗೆ ಮೂರು ಬೆರಳು ವಿಭೂತಿ ಎಳೆದಳು. ಮರುವರ್ಷ ಮನೆಗೆ ಬಂದ ಕನ್ಯಾಸ್ತ್ರೀ ಪಟ ನೋಡಿ ನಿಂತೇಬಿಟ್ಟರು.

"ಹಣಿ ಬರಿದ ಇತ್ರಿ ಸಿಸ್ಟರ್, ಚಂದ ಕಾಣಲಿಲ್ಲ."

"ಇರ್ಲಿ ಬಿಡವ್ವಾ. ಜೀವಮಾನದಾಗ ಯಾರಿಗೂ ಒಲ್ಲೆ ಅಂದವರಲ್ಲ, ವಿಭೂತಿಗೆ ಅಂತಾರೇನು?"

ಅಲ್ಲಿಂದ ಅತ್ತೆಯನ್ನು ತಡೆಯುವವರೇ ಇಲ್ಲ. ಮಹಿಳಾ ಸಂಘದವರು ಅಧ್ಯಕ್ಷೆ ಮಾಡಲು ಬಂದ ದಿನ ಅವಳೂ ಕೋಳಿಗೂಡಿನ ಹಿಂದೆ ಅಡಗಿದಳು. ಕೋಳಿಗಳು ಪಾಪ ಸುಮ್ಮನಿದ್ದವು, ಸೀನಿದವಳು ಅತ್ತೆ! ಒಮ್ಮೆಯಂತೂ ಸಂತೆಯಿಂದ ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಬಂದಳು.

"ಇನ್ನೊಂದ ಎಲ್ಲೈತಿ?" ಮಾಮಾ ಕೇಳಿದರು.

"ಒಬ್ಬಾಕಿ ಬಿಸಲಾಗ ಬರಿಗಾಲಲೆ ನಿಂತಿದ್ಲು. ಕೊಟ್ಟೆ."

"ಹುಚ್ಚಿ, ಒಂದ ಚಪ್ಪಲ್ ತಗೊಂಡ ಆಕಿ ಏನ ಮಾಡ್ತಾಳ?"

"ನಾ ಏನ ಮಾಡಾಕತ್ತೇನಿ? ಕುಂಟಾಕತ್ತೇನಿ. ಆಕೀನೂ ಕುಂಟ್ತಾಳ!"

ಇಂಥವಳನ್ನು ನಂಬುವುದು ಹೇಗೆ? ಈ ವರ್ಷ ನಿಡಸೋಸಿಯ ಕಾಲೇಜಿಗೆ ಸೇರಿದೆ. ಹಾಸ್ಟೆಲ್‌ಗೆ ಹೊರಡುವ ಹಿಂದಿನ ಭಾನುವಾರ, ನಾವೀಗ ಇರುವ ಗೋಕಾಕದಿಂದ ಬಸ್ಸು ಹತ್ತಿ ಬಂದವಳೇ, ನೀರೂ ಕುಡಿಯದೆ ಪೆಟ್ಟಿಗೆ ತೆರೆದೆ.

ಕೌದಿ ಇಡಿಯಾಗಿತ್ತು! ಹಾಸಿ ಎಣಿಸಿದೆ. ಹಳೆಯ ಬಿಳಿ ಬಟ್ಟೆಯ ಮೇಲೆ ಹನ್ನೊಂದು ಬಣ್ಣದ ಪಟ್ಟಿಗಳು. ಒಂದೊಂದೂ ಒಂದೇ ಗೇಣು. ಎಲ್ಲವೂ ಸೆರಗು.

"ಉಳಿದ ಸೀರಿ ಎಲ್ಲಿ ಹ್ವಾದವು, ಅತ್ತಿ?"

ಅತ್ತೆ ಚಹಾ ಇಡುವ ನೆಪದಲ್ಲಿ ಒಳಗೆ ಎದ್ದು ಹೋದಳು. ಹೇಳಿದವರು ಮಾಮಾ.

ಅವ್ವ ತೀರಿಕೊಂಡಾಗ ನಾವು ಹುಕ್ಕೇರಿಯಲ್ಲಿದ್ದೆವು. ಹೋದವರ ಬಟ್ಟೆ ಹಂಚುವ ಪದ್ಧತಿಯಂತೆ, ನನ್ನನ್ನು ನೋಡಿಕೊಳ್ಳಲು ಬಂದು ಉಳಿದಿದ್ದ ಅತ್ತೆಯೇ ಹನ್ನೊಂದು ಸೀರೆಗಳನ್ನೂ ಓಣಿಯ ಹೆಂಗಸರಿಗೆ ಕೊಟ್ಟಿದ್ದಳು. ಕೆಲವು ದಿನಗಳ ಮೇಲೆ ಅವರಲ್ಲೊಬ್ಬರು ಅವ್ವನ ಸೀರೆ ಉಟ್ಟು ಮನೆಯ ಮುಂದೆ ಹಾಯ್ದರು. ನಾನು ಓಡಿ ಹೋಗಿ ಸೆರಗು ಹಿಡಿದೆನಂತೆ. ಅವರು ತಿರುಗಿ ನೋಡಿದರು. ಆಮೇಲೆ ನನ್ನ ಅಳು ನಿಲ್ಲಲೇ ಇಲ್ಲ.

ಮರುದಿನ ಅತ್ತೆ ಹನ್ನೊಂದೂ ಮನೆಗಳಿಗೆ ಹೋಗಿ, ಕೊಟ್ಟ ಸೀರೆಯಿಂದ ಒಂದೊಂದು ಗೇಣು ಸೆರಗು ಬೇಡಿದಳು. ಕೊಟ್ಟದ್ದನ್ನು ಅವಳು ತಿರುಗಿ ಕೇಳಿದ್ದು ಬದುಕಿನಲ್ಲಿ ಅದೊಂದೇ ಸಲ. ಒಬ್ಬಾಕೆ ಬಾಗಿಲಲ್ಲೇ ನಿಲ್ಲಿಸಿ ಬೈದಳಂತೆ: "ಕೊಟ್ಟ ಮ್ಯಾಲ ಬೇಡಾಕ ಬಂದೀಯಲ್ಲ, ನಾಚಿಕಿ ಬರೂದಿಲ್ಲೇನ?"

"ಬರ್ತೈತಿ ಯವ್ವಾ" ಎಂದಳಂತೆ ಅತ್ತೆ. "ಏನ ಮಾಡ್ಲಿ, ಕೂಸು ನಿದ್ದಿ ಮಾಡವಲ್ದು."