ಕ್ವಾಂಟಮ್ ಯಂತ್ರದ ಮುಂದೆ ನನ್ನ ಉಪನ್ಯಾಸ

ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮ ಮನೆಯಲ್ಲಿ ಗಾದೆಯಲ್ಲ, ನನ್ನ ಜೀವನಚರಿತ್ರೆ.

ಗ್ರಂಥಾಲಯದ ಗುಮಾಸ್ತನಾಗಿ ಇಪ್ಪತ್ತೆರಡು ವರ್ಷ ಪುಸ್ತಕಗಳ ಬೆನ್ನನ್ನಷ್ಟೇ ಓದಿದವನು ನಾನು (ಹೊಟ್ಟೆಯೊಳಗಿನದು ಓದುಗರಿಗೆ ಬಿಟ್ಟದ್ದು). ಈಚೆಗೆ ಕ್ವಾಂಟಮ್ ಕಂಪ್ಯೂಟರ್ ಬಗೆಗಿನ ಪುಸ್ತಕವೊಂದರ ಮೊದಲ ನಲವತ್ತು ಪುಟ ಓದಿಬಿಟ್ಟೆ. ಅಂದಿನಿಂದ ನನ್ನ ನಾಲಿಗೆಗೆ ಬಿಡುವಿಲ್ಲ.

"ಸಾವಿರ ವರ್ಷದ ಲೆಕ್ಕ ಕಣ್ಣು ಮಿಟುಕಿಸೋದ್ರಲ್ಲಿ ಮುಗಿಯುತ್ತೆ ಕಣೇ! ಅದರೊಳಗೆ ಸೊನ್ನೆಯೂ ಇರುತ್ತೆ, ಒಂದೂ ಇರುತ್ತೆ, ಒಟ್ಟೊಟ್ಟಿಗೇ!"

"ನೀವು ಸ್ನಾನ ಮಾಡಿದೀರೋ ಇಲ್ವೋ ಹೇಳಿ. ಅದು ಮಾತ್ರ ಎರಡೂ ಒಟ್ಟಿಗೆ ಆಗಲ್ಲ," ಎಂದಳು ಹೆಂಡತಿ.

ನನ್ನಾಕೆ ಫ್ರಿಜ್ ಮೆಕ್ಯಾನಿಕ್. ಊರಿನ ಅರ್ಧ ತಂಪು ಅವಳ ಕೈಯಲ್ಲಿದೆ. ಉಳಿದರ್ಧ ಅವಳ ನೋಟದಲ್ಲಿ.

ಒಂದು ಬೆಳಿಗ್ಗೆ ಅವಳಿಗೆ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಫೋನ್ ಬಂತು. ಕ್ವಾಂಟಮ್ ಯಂತ್ರವನ್ನು ತಂಪಾಗಿಡುವ ಪಂಪು ನಡುಗುತ್ತಿದೆಯಂತೆ. ರಿಪೇರಿ ಚೆನ್ನಾಗಿ ಆದರೆ ಇಡೀ ವರ್ಷದ ನಿರ್ವಹಣೆ ಅವಳಿಗೇ. ಹತ್ತು ವರ್ಷದಿಂದ ಅವಳು ಕಾಯುತ್ತಿದ್ದ ದೊಡ್ಡ ಕೆಲಸ. ಉಪಕರಣದ ಪೆಟ್ಟಿಗೆ ಹೊರಲು ನಾನು ತುದಿಗಾಲಲ್ಲಿ ನಿಂತೆ.

"ಬನ್ನಿ. ಆದ್ರೆ ಬಾಯಿ ಹೊಲ್ಕೊಂಡು ಬನ್ನಿ," ಎಂದಳು.

ಪ್ರಯೋಗಾಲಯದಲ್ಲಿ ಬಿಳಿ ಪೀಪಾಯಿಯಂಥ ಯಂತ್ರವೊಂದು ಕಬ್ಬಿಣದ ಚೌಕಟ್ಟಿನಿಂದ ತೂಗುತ್ತಿತ್ತು. ಸ್ವೆಟರ್ ತೊಟ್ಟ ಸಣಕಲು ವಿಜ್ಞಾನಿ ಮೇಡಂ ಪರದೆಯ ಮೇಲೆ ಕಣ್ಣು ನೆಟ್ಟಿದ್ದರು. ನನ್ನಾಕೆ ನೆಲದ ಮೇಲೆ ಮಲಗಿ ಪಂಪಿಗೆ ಕಿವಿಗೊಟ್ಟಳು. ನನ್ನ ಹೊಲಿಗೆ ಬಿಚ್ಚಿಕೊಂಡಿತು.

"ಮೇಡಂ, ಇನ್ನೆರಡು ವರ್ಷದಲ್ಲಿ ಮನೆಮನೆಗೂ ಇದು ಬರುತ್ತಲ್ವಾ?"

"ಇಲ್ಲ. ಸ್ವಲ್ಪ ಅಲ್ಲಾಡಿದ್ರೂ, ಬಿಸಿಯಾದ್ರೂ ಲೆಕ್ಕ ತಪ್ಪುತ್ತೆ. ತಪ್ಪು ತಿದ್ದೋದರಲ್ಲೇ ನಮ್ಮ ಆಯಸ್ಸು ಹೋಗ್ತಿದೆ. ಮುಂದೆ ಹೊಸ ಔಷಧಿ ಹುಡುಕೋಕೆ ನೆರವಾಗಬಹುದು. ಯಾವಾಗ ಅಂತ ಹೇಳೋ ಧೈರ್ಯ ನನಗಿಲ್ಲ."

"ಧೈರ್ಯ ಬೇಕು ಮೇಡಂ!" ಎಂದು ಚೌಕಟ್ಟಿಗೆ ಒಂದು ಗುದ್ದು ಕೊಟ್ಟೆ. ಮನುಕುಲದ ಭವಿಷ್ಯ, ಗುದ್ದು. ರೋಗಮುಕ್ತ ಜಗತ್ತು, ಗುದ್ದು. ನಲವತ್ತನೆಯ ಪುಟದವರೆಗೂ ಗುದ್ದುತ್ತಲೇ ಹೋದೆ.

ನನ್ನಾಕೆ ಕೈ ಒರೆಸುತ್ತ ಎದ್ದಳು. "ಪಂಪ್ ಸರಿಯಾಯ್ತು ಮೇಡಂ."

ಮೇಡಂ ತಲೆಯಾಡಿಸಿದರು. "ಇಲ್ಲಮ್ಮ. ತಪ್ಪುಗಳು ಮೊದಲಿಗಿಂತ ಹೆಚ್ಚಾಗಿವೆ. ಬೇರೆಯವರನ್ನ ಕರೆಸ್ತೀನಿ."

ಅವಳ ಮುಖ ಬಾಡಿತು. ಮಾಡಿದ ಕೆಲಸಕ್ಕೆ ಅಂಥ ಮಾತು ಅವಳು ಕೇಳಿದವಳಲ್ಲ. ಮತ್ತೆ ಪಂಪು ಬಿಚ್ಚಿದಳು, ಕೂಡಿಸಿದಳು, ದೋಷವೇ ಇಲ್ಲ. ಅವಳ ಪರವಾಗಿ ವಾದಿಸಲು ಮುಷ್ಟಿ ಎತ್ತಿದೆ. ಅವಳು ಆ ಮುಷ್ಟಿ ನೋಡಿದಳು, ಚೌಕಟ್ಟು ನೋಡಿದಳು.

"ರೀ, ಹೊರಗೆ ನಡೀರಿ."

ಹೊರನಡೆದೆ. ಐದೇ ನಿಮಿಷದಲ್ಲಿ ಒಳಗಿನಿಂದ ಚಪ್ಪಾಳೆ ಕೇಳಿತು. ತಪ್ಪುಗಳೆಲ್ಲ ದಡದಡ ಇಳಿದಿದ್ದವಂತೆ. ವರ್ಷದ ಕೆಲಸ ಅವಳದಾಯಿತು. ಮೇಡಂ ನಗುತ್ತ ನನ್ನ ಬಳಿಗೇ ಬಂದರು.

"ಪ್ರತಿ ತಿಂಗಳು ನೀವೂ ಬರ್ಬೇಕು."

ನನ್ನೆದೆ ಉಬ್ಬಿತು. ಕೊನೆಗೂ ಒಬ್ಬ ಜ್ಞಾನಿ ನನ್ನನ್ನು ಗುರುತಿಸಿದರು!

"ಇಂಥ ಅಡಚಣೆ ಮಾಡೋ ಸಾಧನ ನಮ್ಮ ಹತ್ರ ಇಲ್ಲ," ಎಂದು ಮೇಡಂ ನನ್ನಾಕೆಯತ್ತ ತಿರುಗಿದರು. "ಇವರನ್ನ ತಡ್ಕೊಂಡು ಲೆಕ್ಕ ಮಾಡಿದ ದಿನ ನಮ್ಮ ಯಂತ್ರ ಲೋಕಕ್ಕೆ ಸಿದ್ಧ ಅಂತ ಅರ್ಥ."

ನನ್ನಾಕೆ ಪೆಟ್ಟಿಗೆಯನ್ನು ನನ್ನ ಹೆಗಲಿಗೇರಿಸಿದಳು. "ಹಾಗಾದ್ರೆ ಕಾಲ ಹಿಡಿಯುತ್ತೆ ಮೇಡಂ. ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು, ನನ್ನ ಕೈಲೇ ಇನ್ನೂ ಆಗಿಲ್ಲ."