ಮೀನಿನ ಪಕ್ಕ ಮಲಗಿದ ಕ್ಯಾಮೆರಾ

ಮಧ್ಯಾಹ್ನ ಮೀನು ತೆಗೆಯೋಣವೆಂದು ಅಪೆರಾಮೋ ಫ್ರೀಜರಿಗೆ ಕೈ ಹಾಕಿದರೆ ಕೈಗೆ ಬಂದದ್ದು ಅವನ ಹೊಸ ಡಿಜಿಟಲ್ ಕ್ಯಾಮೆರಾ. ಗುಂಡಿ ಒತ್ತಿದ. ಹಿಂಬದಿಯ ಪುಟ್ಟ ಪರದೆ ಸತ್ತ ಮೀನಿನ ಕಣ್ಣಿನ ಹಾಗೆ ಮಂಕಾಗಿತ್ತು.

"ಫೆತುವಾವೊ! ಇದನ್ನ ಇಲ್ಲಿ ಇಟ್ಟೋರು ಯಾರೇ?"

"ನಾನೇ. ಮೂವತ್ತು ವರ್ಷದಿಂದ ಬಡ್ಕೋತಿದೀಯಲ್ಲ, ಸೆಕೆಗೆ ಫೋಟೋ ಕೆಡುತ್ತೆ, ತಣ್ಣಗಿಡು ಅಂತ!"

ಅದು ರೀಲಿನ ಕಾಲದ ಮಾತು. ಸಮೋವಾದ ಆ ಸೆಕೆಯಲ್ಲಿ ಮೀನಿಗೆ ಜಾಗವಿಲ್ಲದಿದ್ದರೂ ಅಪೆರಾಮೋನ ರೀಲುಗಳಿಗೆ ಫ್ರಿಜ್ಜಿನಲ್ಲಿ ಜಾಗವಿರುತ್ತಿತ್ತು. ಊರಿನ ಮದುವೆಗಳೆಲ್ಲ ಅಲ್ಲೇ ತಂಪಾಗಿ ಮಲಗಿದ್ದು, ತೊಳೆಸಲು ಪಟ್ಟಣಕ್ಕೆ ಹೋಗುತ್ತಿದ್ದವು. ಹಾಗಾಗಿ ಹೆಂಡತಿಯನ್ನು ಬೈಯುವಂತಿರಲಿಲ್ಲ. ಆದರೂ ಬೈದ. ಅಜ್ಜಂದಿರು ಹವಳದ ಕಲ್ಲು ಹೊತ್ತು ಕಟ್ಟಿದ್ದ ಹಳೇ ಚರ್ಚನ್ನು ಇವತ್ತು ಬೆಳಿಗ್ಗೆಯೇ ಕೆಡವಿಯಾಗಿತ್ತು. ನಿನ್ನೆ ಸಂಜೆ ಊರಿಗೆ ಊರನ್ನೇ ಅದರ ಅಂಗಳದಲ್ಲಿ ನಿಲ್ಲಿಸಿ ತೆಗೆದ ಕೊನೆಯ ಫೋಟೋ ಈ ಡಬ್ಬಿಯೊಳಗಿತ್ತು.

ಬೈಗುಳ ಕೇಳಿ ಪಕ್ಕದ ಮನೆಯ ಸಿಯೇನಿ ಓಡಿ ಬಂದಳು. "ಅಕ್ಕಿಯೊಳಗೆ ಹೂತಿಡು ತಮ್ಮಾ." ಹೂತಿಟ್ಟದ್ದಾಯಿತು. ಪರದೆಗೆ ಬೆವರು ಬಂತು, ಬೆವರಿಗೆ ಅಕ್ಕಿ ಅಂಟಿತು.

ಊರ ಹಿರಿಯ ತುವಾಲಾ ಕೋಲೂರಿಕೊಂಡು ಬಂದ. "ನಮ್ಮ ಒಲೆಕಲ್ಲು ಇನ್ನೂ ಬಿಸಿ ಇದೆ. ಬಾಳೆ ಎಲೆ ಸುತ್ತಿ ಇಡೋ."

"ಇದು ಕೆಸುವಿನ ಗಡ್ಡೆ ಅಲ್ಲ ಹಿರಿಯರೇ!"

ಕೊನೆಗೆ ಅಪೆರಾಮೋ ಅದನ್ನು ಅಂಗಿಯೊಳಗೆ, ಹೊಟ್ಟೆಗೆ ಒತ್ತಿಕೊಂಡು ಕಾವಿಗೆ ಕೂತ ಕೋಳಿಯಂತೆ ಕೂತ. ಸುತ್ತ ಚಾಪೆಯ ಮೇಲೆ ಎಲ್ಲರೂ ಕೂತರು.

"ನನ್ನ ಮದುವೆ ದಿನ ಆ ಚರ್ಚಿನ ಮೆಟ್ಟಿಲ ಮೇಲೆ ಎಷ್ಟು ಹೊತ್ತು ನಿಲ್ಲಿಸಿದ್ದೆ ಮಾರಾಯ," ಎಂದಳು ಸಿಯೇನಿ. "ಮುಡಿದ ಹೂವೆಲ್ಲ ಬಾಡಿತ್ತು."

"ಮಳೆ ಬಂದ್ರೆ ತಗಡಿನ ಸದ್ದಿಗೆ ಪ್ರವಚನ ಕೇಳಿಸ್ತಾನೇ ಇರ್ಲಿಲ್ಲ," ಎಂದ ತುವಾಲಾ. "ನೆಮ್ಮದಿಯಾಗಿ ನಿದ್ದೆ ಬರ್ತಿತ್ತು." ನಗುತ್ತಲೇ ಕಣ್ಣೊರೆಸಿಕೊಂಡ.

ಪರದೆ ಒಮ್ಮೆ ಮಿನುಗಿತು. ಮತ್ತೊಮ್ಮೆ. ಫೋಟೋ ಮೂಡಿತು! ತಲೆಗೆ ತಲೆ ಡಿಕ್ಕಿ ಹೊಡೆಯುವಂತೆ ಎಲ್ಲರೂ ಬಗ್ಗಿದರು. ಬಿಳಿ ಬಟ್ಟೆಯಲ್ಲಿ ಇಡೀ ಊರು, ಒಬ್ಬರದೂ ಕಣ್ಣು ಮುಚ್ಚಿಲ್ಲ. ಹಿಂದೆ ನೀಲಿ ಸಮುದ್ರ, ಯಾರದೋ ಹಂದಿ.

"ಚರ್ಚು ಎಲ್ಲೋ?" ಎಂದ ತುವಾಲಾ.

ಅಪೆರಾಮೋ ಕ್ಯಾಮೆರಾವನ್ನು ಅತ್ತಿತ್ತ ವಾಲಿಸಿ ನೋಡಿದ. ಫೋಟೋ ತೆಗೆಯುವವನ ಬೆನ್ನಿಗೆ ಸೂರ್ಯ ಇರಬೇಕು. ಅದೂ ರೀಲಿನ ಕಾಲದಲ್ಲಿ ಕಲಿತದ್ದೇ. ನಿನ್ನೆ ಸಂಜೆ ಸೂರ್ಯ ಇಳಿದದ್ದು ಚರ್ಚಿನ ಹಿಂದೆ. ಸೂರ್ಯನ ಜೊತೆ ಚರ್ಚಿಗೂ ಬೆನ್ನು ಹಾಕಿ ಗುಂಡಿ ಒತ್ತಿದ್ದ.

"ಕಾಣಲ್ವಾ ಹಿರಿಯರೇ?" ಎಂದ ಮೆತ್ತಗೆ. "ಎಲ್ಲರೂ ಅದನ್ನೇ ನೋಡ್ತಾ ನಿಂತಿದೀರಿ."

ಯಾರೂ ನಗಲಿಲ್ಲ. ಮಧ್ಯಾಹ್ನದಿಂದ ಬೈಸಿಕೊಂಡಿದ್ದ ಫೆತುವಾವೊ ಮಾತ್ರ, ಇನ್ನು ಬೈಯುವ ಸರದಿ ತನ್ನದೆಂಬಂತೆ, ಸೊಂಟದ ಬಟ್ಟೆಯ ಗಂಟು ಬಿಗಿದುಕೊಂಡು ಮೆಲ್ಲಗೆ ಎದ್ದಳು.