ಮುಟ್ಟಿನ ಜೊತೆಗೇ ಹೊರಟ ನೆನಪು

ಐವತ್ತು ದಾಟಿದ ಮೇಲೆ ನಮ್ಮ ಮನೆಯಲ್ಲಿ ನಗುವುದಕ್ಕೆ ಟಿವಿ ಬೇಕಾಗಿಲ್ಲ. ವಾರಕ್ಕೊಂದು ಪ್ರಸಂಗ ನಾನೇ ಒದಗಿಸುತ್ತೇನೆ. ಮಾನ್ವಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರು ನಾನು. ಪದ್ಯಗಳನ್ನೆಲ್ಲ ಪುಸ್ತಕ ಮುಟ್ಟದೆ ಹೇಳುತ್ತಿದ್ದವಳು! ಮುಟ್ಟು ನಿಲ್ಲುವ ಸೂಚನೆ ಕಂಡಿದ್ದೇ ತಡ, ನೆನಪೂ ಗಂಟುಮೂಟೆ ಕಟ್ಟಿತು.

ಎಲ್ಲಿಗ್ರೀ?

ದಿನಾ ರಾಯಚೂರಿನಿಂದ ಮಾನ್ವಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಒಂದು ದಿನ ಕಂಡಕ್ಟರ್ “ಎಲ್ಲಿಗ್ರೀ?” ಅಂದ. ಶಾಲೆಯ ಗೇಟು, ಬೇವಿನ ಮರ, ಹೆಡ್ ಮಾಸ್ತರ ಮೀಸೆ ಎಲ್ಲ ಕಣ್ಣಿಗೆ ಕಟ್ಟಿತು. ಊರಿನ ಹೆಸರು ಮಾತ್ರ ಹೊಳೆಯಲಿಲ್ಲ! “ದಿನಾ ಹೋಗ್ತೀನಲ್ಲಪ್ಪಾ, ಅಲ್ಲಿಗೇ” ಅಂದೆ. ಫ್ರೀ ಟಿಕೆಟ್ ಹರಿದುಕೊಟ್ಟು ಹೇಳಿದ: “ಊರು ಮರೆತ್ರೂ ನಡೀತದ್ರಿ ಮೇಡಂ, ಆಧಾರ್ ಕಾರ್ಡ್ ಮಾತ್ರ ಮರೀಬ್ಯಾಡ್ರಿ.”

ಇಷ್ಟು ಶಾಂತ ತರಗತಿ!

ಇನ್ನೊಂದು ದಿನ ಒಂಬತ್ತನೆಯ ತರಗತಿಗೆ ಸಂಧಿ ಪಾಠ ಮಾಡಿದೆ. ಹುಡುಗರು ಕಮಕ್ ಕಿಮಕ್ ಅನ್ನಲಿಲ್ಲ. ನನಗೋ ಖುಷಿಯೋ ಖುಷಿ! ಗಂಟೆ ಬಾರಿಸಿದಾಗ ಹೊರಗೆ ನೋಡಿದರೆ ಗಣಿತದ ಮೇಷ್ಟ್ರು ಗೋಡೆಗೆ ಒರಗಿ ನಿಂತಿದ್ದರು. “ಇದು ಗಣಿತದ ಪಿರಿಯಡ್ ಅಂತ ಒಬ್ಬರಾದ್ರೂ ಹೇಳಬಾರದೇನ್ರೋ?” ಎಂದು ರೇಗಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು: “ಯಾಕ್ ಹೇಳ್ಬೇಕ್ರೀ ಮೇಡಂ? ಇವತ್ತ ಗಣಿತದ ಟೆಸ್ಟ್ ಇತ್ತು!”

ವಯಸ್ಸೆಷ್ಟು ಅಂದ್ರಿ?

ಅವತ್ತು ನಿಜಕ್ಕೂ ಹೆದರಿಕೆಯಾಯಿತು. ಹೀಗೇ ಆದರೆ ಪಾಠ ಮಾಡುವುದನ್ನೇ ಬಿಡಬೇಕಾದೀತು ಎಂದು ರಾಯಚೂರಿನ ಲೇಡಿ ಡಾಕ್ಟರ ಹತ್ತಿರ ಓಡಿದೆ. “ಮುಟ್ಟು ನಿಲ್ಲೋ ಹೊತ್ತಿಗೆ ಭಾಳ ಮಂದಿಗೆ ಹಿಂಗಾಗ್ತದ್ರಿ. ನಿದ್ದಿ ಕೆಟ್ಟರ ಇನ್ನೂ ಜಾಸ್ತಿ. ಹೆದರಬ್ಯಾಡ್ರಿ” ಎಂದರು. ಎದೆ ಹಗುರವಾಯಿತು. “ವಯಸ್ಸೆಷ್ಟು?” ಎಂದು ಕೇಳಿದರು. “ಐವತ್ತೊಂದ್ರಿ” ಅಂದೆ. “ನನಗೂ ಅಷ್ಟೇ!” ಎಂದು ನಕ್ಕು, ಬೆವರೊರೆಸಿಕೊಂಡು, ಫ್ಯಾನ್ ಜೋರು ಮಾಡಿಸಿ, ಪೆನ್ನು ಎತ್ತಿಕೊಂಡರು: “ಹಾಂ, ನಿಮ್ಮ ವಯಸ್ಸೆಷ್ಟು ಅಂದ್ರಿ?”

ಆರತಿ ತಟ್ಟೆ

ಎಲ್ಲಕ್ಕೂ ಕಳಸವಿಟ್ಟಿದ್ದು ದೇವದುರ್ಗದಲ್ಲಿ, ನಾದಿನಿಯ ಬಸುರಿ ಮಗಳ ಕುಬಸದ ದಿನ. ನಮ್ಮ ಕಡೆ ಒಡಪು ಕಟ್ಟಿ ಗಂಡನ ಹೆಸರು ಹೇಳದೆ ಹೆಂಗಸರಿಗೆ ಬಿಡುಗಡೆಯಿಲ್ಲ. ಆರತಿ ತಟ್ಟೆ ಹಿಡಿದ ನಾದಿನಿ, “ನಮ್ಮಣ್ಣನ ಹೆಸರು ಹೇಳೂ ತನಕ ತಟ್ಟಿ ಕೊಡೂದಿಲ್ಲ ವೈನಿ!” ಅಂದಳು. ಕನ್ನಡ ಟೀಚರಲ್ಲವೇ, ಸೆರಗು ಸಿಕ್ಕಿಸಿ ಶುರು ಮಾಡಿಯೇಬಿಟ್ಟೆ:

“ಬೆಳ್ಳಿ ಬಟ್ಟಲದಾಗ ಬೆಲ್ಲದ ಚೂರು,
ದೇವದುರ್ಗಕ್ಕ ಬಂದೆ ಬಿಟ್ಟು ರಾಯಚೂರು,
ಏಳೇಳು ಜನ್ಮಕ್ಕೂ ನಾ ಮರೀದ ಹೆಸರು...”

ಅಷ್ಟೇ. ಹೆಸರು ಮಾಯ!

ಹೆಂಗಸರೆಲ್ಲ ಬಾಯಿ ತೆರೆದು ಕಾಯುತ್ತಿದ್ದಾರೆ. ಅವರಣ್ಣನ ಹೆಸರನ್ನೇ ಮರೆತೆನೆಂದು ನಾದಿನಿಗೆ ಗೊತ್ತಾದರೆ ಬದುಕಿರುವವರೆಗೂ ಆಡಿಕೊಳ್ಳುತ್ತಾಳೆ. “ಗಂಟಲು ಒಣಗ್ಯದ, ನೀರು ಕುಡದು ಬಂದೆ” ಎಂದು ಅಡುಗೆಮನೆಗೆ ನುಗ್ಗಿ ಫೋನ್ ತೆಗೆದೆ. ಅದರಲ್ಲಾದರೂ ಹೆಸರಿದ್ದೀತು ಎಂದರೆ, ಸೇವ್ ಮಾಡಿದ್ದು ‘ನಮ್ಮನಿಯವರು’ ಎಂದು! ಬೇರೆ ದಾರಿಯಿಲ್ಲದೆ ಅವರಿಗೇ ಫೋನ್ ಹಚ್ಚಿದೆ. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿದ್ದೂ ತಿಳಿಯಲಿಲ್ಲ.

“ರೀ, ಅರ್ಜೆಂಟ್ ಅದ, ನಿಮ್ಮ ಹೆಸರೇನ್ರೀ?” ಎಂದು ಪಿಸುಗುಟ್ಟಿದೆ.

ಆ ಕಡೆಯಿಂದ ನಮ್ಮವರ ದನಿ ಕುಬಸದ ಮನೆಯಿಡೀ ಮೊಳಗಿತು: “ಯಾರ್ರೀ ನೀವು? ನನ್ನ ಹೆಂಡ್ತಿ ಫೋನು ನಿಮ್ಮ ಕೈಗೆ ಹೆಂಗ ಬಂತು?”

“ಅಯ್ಯ, ನಾನ ರೀ, ನಿಮ್ಮ ಹೆಂಡ್ತಿ!”

“ಹೌದೇನು? ಖರೇನ ನೀ ನನ್ನ ಹೆಂಡ್ತಿ ಆಗಿದ್ರ, ನನ್ನ ಹೆಸರು ಹೇಳು ನೋಡೋಣ!”